ಶೇಕಡಾ ಐದರ ದಾಸೋಹ

ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿಯೊಬ್ಬ ದೂರವಾಣಿ ಮಾಡಿದ್ದ. ಬೆಂಗಳೂರಿನ ಕೆಲಸ ಬಿಟ್ಟು ಊರಿಗೆ ಬಂದು ಮರದ ಗಾಣದ ಎಣ್ಣೆ ತೆಗೆದು ಮಾರುವ ಯೋಚನೆ ಅವನದು. ಮಾತಿನ ನಡುವೆ, "ಸರ್, ಒಂಬತ್ತನೆಯ ತರಗತಿಯಲ್ಲಿ ನೀವು ಕಾಯಕ, ದಾಸೋಹ ಎಂದು ಅಷ್ಟೊಂದು ಹೇಳಿದಿರಿ. ನಿವೃತ್ತಿಯ ನಂತರ ನೀವೇ ಅಂಗಡಿ ಹಾಕಿದಿರಿ. ಗಲ್ಲಾ ಪೆಟ್ಟಿಗೆಯ ಮುಂದೆ ಕುಳಿತಾಗ ಅದೆಲ್ಲ ನಡೆಯುತ್ತದೆಯೇ?" ಎಂದು ಕೇಳಿದ. "ನಡೆಯುತ್ತದಪ್ಪ, ನಡೆಸಬೇಕು" ಎಂದುಬಿಟ್ಟೆ. ಮೇಷ್ಟ್ರ ಬಾಯಿಗೆ ಅಂಥ ಉತ್ತರ ಬಹುಬೇಗ ಬರುತ್ತದೆ. ಫೋನು ಇಟ್ಟ ಮೇಲೆ ಅರ್ಧ ಸತ್ಯವನ್ನಷ್ಟೇ ಹೇಳಿದೆ ಎನ್ನಿಸಿತು. ಉಳಿದರ್ಧವನ್ನು ಇಲ್ಲಿ ಬರೆಯುತ್ತಿದ್ದೇನೆ. ಅವನೂ ಓದುತ್ತಾನೆ, ನೀವೂ ಓದಿ.

ವ್ಯಾಪಾರ ನನಗೆ ಹೊಸದಲ್ಲ. ನಮ್ಮ ತಂದೆಯವರದು ಕಿರಾಣಿ ಅಂಗಡಿ, ಈಗಿನ ಹಾವೇರಿ ಜಿಲ್ಲೆಯ ಒಂದು ಸಂತೆಯೂರಿನಲ್ಲಿ. ಸೇರು, ಅಚ್ಛೇರು, ಪಾವಸೇರುಗಳ ಕಾಲ ಅದು. ತಕ್ಕಡಿಯ ಮುಳ್ಳು ನಡುವೆ ನಿಂತರೆ ಅವರಿಗೆ ಸಮಾಧಾನವಿರಲಿಲ್ಲ. ಗಿರಾಕಿಯ ಕಡೆಯ ತಟ್ಟೆ ತುಸು ಕೆಳಗಿಳಿಯುವವರೆಗೆ ಬೊಗಸೆಯಿಂದ ಇನ್ನಷ್ಟು ಕಾಳು ಉದುರಿಸುತ್ತಿದ್ದರು. 1957ರ ಏಪ್ರಿಲ್ ಒಂದರಂದು ನಯಾಪೈಸೆ ಬಂದಾಗ ನಾನು ಹನ್ನೊಂದರ ಹುಡುಗ. ರೂಪಾಯಿಗೆ ಹದಿನಾರಾಣೆ ಎಂದಿದ್ದುದು ನೂರು ನಯಾಪೈಸೆಯಾಯಿತು. ಲೆಕ್ಕದ ಪ್ರಕಾರ ಮೂರಾಣೆಗೆ 18.75 ನಯಾಪೈಸೆ. ಆ ಮುಕ್ಕಾಲು ಪೈಸೆಯ ನಾಣ್ಯ ಎಲ್ಲಿಂದ ತರುವುದು? ಸಮೀಪದ ಪೂರ್ಣಾಂಕವೆಂದು ಎಲ್ಲರೂ 19 ತೆಗೆದುಕೊಳ್ಳುತ್ತಿದ್ದರು, ಅದೇ ಕ್ರಮವೂ ಆಗಿತ್ತು. ನಮ್ಮ ತಂದೆ ಹದಿನೆಂಟೇ ತೆಗೆದುಕೊಂಡರು. ಶಾಲೆಯಲ್ಲಿ ದಶಮಾಂಶ ಕಲಿತ ಹುರುಪಿನಲ್ಲಿ ನಾನು ಅದನ್ನು ತಪ್ಪೆಂದು ವಾದಿಸಿದೆ. "ಹದಿನೆಂಟು ತೊಗೊಂಡರ ನಂದು ಮುಕ್ಕಾಲು ಪೈಸೆ ಹೋಗ್ತದ. ಹತ್ತೊಂಬತ್ತು ತೊಗೊಂಡರ ಅವರದು ಪಾವು ಪೈಸೆ ನನ್ನ ಕಡೆ ಉಳೀತದ. ಹೋದದ್ದಕ್ಕ ನಿದ್ದಿ ಬರ್ತದ, ಉಳಿದದ್ದಕ್ಕ ಬರೂದಿಲ್ಲ" ಎಂದಿದ್ದರು. ಈ ಪ್ರಸಂಗವನ್ನು ಎಷ್ಟು ತರಗತಿಗಳಲ್ಲಿ ಹೇಳಿದ್ದೇನೋ! ನಿಮ್ಮಲ್ಲಿ ಹಲವರಿಗೆ ಬಾಯಿಪಾಠವೇ ಆಗಿರಬಹುದು.

ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮನವರ ಕಥೆಯೂ ಹಾಗೆಯೇ. ರಾಯಚೂರು ಸೀಮೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಆ ದಂಪತಿಗಳ ಕಾಯಕ, ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದು. ಒಂದು ದಿನ ಮಾರಯ್ಯ ನಿತ್ಯಕ್ಕಿಂತ ಹೆಚ್ಚು ಅಕ್ಕಿ ತಂದ. ಲಕ್ಕಮ್ಮ ಅದನ್ನು ಒಳಗೆ ಬಿಟ್ಟುಕೊಳ್ಳದೆ, ಹೆಚ್ಚಾದುದನ್ನು ಅಲ್ಲಿಯೇ ಸುರಿದು ಬರುವಂತೆ ತಿರುಗಿ ಕಳುಹಿಸಿದಳು. ಕಾಯಕವನ್ನು ಕೈಲಾಸಕ್ಕೆ ಸರಿದೂಗಿಸುವ, ಎಲ್ಲ ಕಚೇರಿಗಳ ಗೋಡೆಯ ಮೇಲೂ ಬಸವಣ್ಣನವರ ಹೆಸರಿನಲ್ಲಿ ಬರೆದಿರುವ ಆ ಎರಡು ಪದಗಳ ಮಾತು ಬಂದಿರುವುದು ಈ ಮಾರಯ್ಯನ ವಚನದಲ್ಲಿ. (ಇದನ್ನು ತಿದ್ದಿ ತಿದ್ದಿ ನನಗೆ ಸಾಕಾಗಿದೆ, ಗೋಡೆಗಳು ಮಾತ್ರ ತಿದ್ದಿಕೊಂಡಿಲ್ಲ.)

ಮೂವತ್ತನಾಲ್ಕು ವರ್ಷ ಪಾಠ ಹೇಳಿ 2004ರಲ್ಲಿ ನಿವೃತ್ತನಾದೆ. ತಂದೆಯವರ ಅಂಗಡಿಯ ಕಟ್ಟೆ ಖಾಲಿ ಬಿದ್ದಿತ್ತು. 2005ರ ಬಸವ ಜಯಂತಿಯಂದು ಅಲ್ಲಿ ನೋಟ್‌ಬುಕ್ಕು, ಪೆನ್ನು, ಪಠ್ಯಪುಸ್ತಕಗಳ ಅಂಗಡಿ ತೆರೆದೆ. ಪಿಂಚಣಿ ಬರುತ್ತಿತ್ತು, ಬಾಡಿಗೆ ಇರಲಿಲ್ಲ. ಕಾಯಕದ ತತ್ತ್ವವನ್ನು ಆಚರಿಸಿ ತೋರಿಸಲು ಇದಕ್ಕಿಂತ ಅನುಕೂಲವಾದ ಸ್ಥಳ ಬೇರೆಲ್ಲಿ ಸಿಕ್ಕೀತು? ಯಾವ ವಸ್ತುವಿಗೂ ಮುದ್ರಿತ ಬೆಲೆಯ ಮೇಲೆ ಶೇಕಡಾ ಐದು ರಿಯಾಯಿತಿ ಎಂದು ದುಂಡಗಿನ ಅಕ್ಷರದಲ್ಲಿ ಬರೆದು ತೂಗುಹಾಕಿದೆ. ಊರಿನಲ್ಲಿ ಹೆಸರಾಯಿತು. "ಮಾಸ್ತರರು ಲಾಭಕ್ಕೆ ಕುಂತಿಲ್ಲ" ಎಂದು ಜನ ಆಡಿಕೊಂಡರು. ಆ ಮಾತು ನನಗೆ ಎಷ್ಟು ಹಿತವಾಗಿತ್ತೆಂಬುದನ್ನು ಮುಚ್ಚಿಡಲಾರೆ.

ಎರಡು ಅಂಗಡಿ ಆಚೆ ಇನ್ನೊಂದು ಸ್ಟೇಷನರಿ ಅಂಗಡಿಯಿತ್ತು. ಅದರ ಯಜಮಾನರು ಜೂನ್ ತಿಂಗಳ ಗದ್ದಲ ಮುಗಿದ ಮೇಲೆ ಒಂದು ಸಂಜೆ ಬಂದು ಚಹಾ ಕುಡಿದು, ಏಳುವಾಗ, "ಮಾಸ್ತರರ, ನಿಮಗ ಸರಕಾರ ಪಿಂಚಣಿ ಕೊಡ್ತದ. ನನಗ ಈ ಅಂಗಡೀನ ಕೊಡಬೇಕು" ಎಂದರು. ಜಗಳದ ಧ್ವನಿಯಲ್ಲಲ್ಲ. ಆಗ ನನಗೆ ಅದು ಹೊಟ್ಟೆಕಿಚ್ಚಿನ ಮಾತಾಗಿ ಕೇಳಿಸಿತು. ನನ್ನ ಔದಾರ್ಯದ ಬೆಲೆಯನ್ನು ಅವರು ತೆರುತ್ತಿದ್ದಾರೆಂಬುದು ಹೊಳೆಯಲಿಲ್ಲ.

ಅಂಗಡಿಗೆ ಒಬ್ಬ ಹುಡುಗನನ್ನು ಇಟ್ಟುಕೊಂಡಿದ್ದೆ. ಹತ್ತೊಂಬತ್ತರ ಪ್ರಾಯ, ಪಿ.ಯು.ಸಿ.ಯಲ್ಲಿ ನಪಾಸಾದವನು. ತಿಂಗಳಿಗೆ ಎಂಟುನೂರು ರೂಪಾಯಿ. ಬೆಳಿಗ್ಗೆ ಎಂಟಕ್ಕೆ ಬಾಗಿಲು ತೆಗೆಯುವವನೂ ಅವನೇ, ರಾತ್ರಿ ಎಂಟೂವರೆಗೆ ಹಾಕುವವನೂ ಅವನೇ. ಮಧ್ಯಾಹ್ನ ಊಟಕ್ಕೆ ಒಂದೂವರೆ ತಾಸು ಬಿಡುವು. ಅಂದರೆ ದಿನಕ್ಕೆ ಹನ್ನೊಂದು ತಾಸಿನ ದುಡಿಮೆ. ಬಸ್ಸಿನ ಮೇಲೆ ಬರುವ ಬಂಡಲುಗಳನ್ನು ಹೊತ್ತು ತರುವುದು, ಬಿಡುವಾದಾಗ ಪುಸ್ತಕಗಳಿಗೆ ರಟ್ಟು ಹಾಕುವುದು ಎಲ್ಲವೂ ಅದರಲ್ಲೇ. ಶಾಲೆ ಆರಂಭವಾಗುವ ದಿನಗಳಲ್ಲಿ ಭಾನುವಾರವೂ ಇರಲಿಲ್ಲ. ಎಂಟುನೂರನ್ನು ನಾನು ಯಾವ ತತ್ತ್ವದಿಂದ ನಿಗದಿ ಮಾಡಿದೆ ಎಂದು ಕೇಳಿದರೆ ಉತ್ತರವಿಲ್ಲ. ಪೇಟೆಯಲ್ಲಿ ಅಷ್ಟು ನಡೆಯುತ್ತಿತ್ತು, ನಾನೂ ಕೊಟ್ಟೆ. ಗಿರಾಕಿಯ ವಿಷಯದಲ್ಲಿ ಬಸವಣ್ಣ, ಹುಡುಗನ ವಿಷಯದಲ್ಲಿ ಪೇಟೆ.

ಲೆಕ್ಕ ಬರೆಯುತ್ತಿದ್ದವಳು ನನ್ನ ಹೆಂಡತಿ. ರೋಜ್‌ಕಿರ್ದಿಯಲ್ಲಿ ಒಂದು ಪೈಸೆ ಆಚೀಚೆ ಆಗಗೊಡದವಳು. ಮರುವರ್ಷದ ಬಸವ ಜಯಂತಿಯ ರಾತ್ರಿ ವರ್ಷದ ಲೆಕ್ಕ ಮುಗಿಸಿದಳು. ಅಂದು ಸಂಜೆ ನಾನು ಊರಿನ ಕಾರ್ಯಕ್ರಮವೊಂದರಲ್ಲಿ ಅದೇ ಲಕ್ಕಮ್ಮನ ಕಥೆ ಹೇಳಿ, ಶಾಲು ಹೊದಿಸಿಕೊಂಡು ಬಂದಿದ್ದೆ. ಅವಳು ಪುಸ್ತಕವನ್ನು ನನ್ನ ಕಡೆ ತಿರುಗಿಸಿದಳು. ಮುದ್ರಿತ ಬೆಲೆಯ ಲೆಕ್ಕದಲ್ಲಿ ವರ್ಷದ ವ್ಯಾಪಾರ ಸುಮಾರು 2,80,000 ರೂಪಾಯಿ. ಕೊಟ್ಟ ರಿಯಾಯಿತಿ 14,000. ಹುಡುಗನ ವರ್ಷದ ಪಗಾರ 9,600.

"ಊರ ಮಂದಿಗೆ ಬಿಟ್ಟದ್ದು ಅವನ ವರ್ಷದ ದುಡಿಮೆಗಿಂತ ಹೆಚ್ಚಾತಲ್ರೀ," ಎಂದಳು. "ದಾಸೋಹ ನಿಮ್ಮ ಹೆಸರೀಲೆ ನಡದೈತಿ, ಅಕ್ಕಿ ಮಾತ್ರ ಆ ಹುಡುಗನ ಮನೀದು."

ನನಗೆ ಸಿಟ್ಟು ಬಂತು. ಶಾಲು ಇನ್ನೂ ಹೆಗಲ ಮೇಲಿತ್ತು. ಅವನಿಗೆ ಕೆಲಸ ಕೊಟ್ಟದ್ದೇ ಉಪಕಾರವೆಂದೂ, ಬೇರೆಯವರು ಇಷ್ಟೂ ಕೊಡುವುದಿಲ್ಲವೆಂದೂ ಏನೇನೋ ಅಂದೆ. ಅವಳು ಮರುಮಾತಾಡದೆ ದೀಪ ಆರಿಸಿದಳು.

ನಿದ್ದೆ ಹತ್ತಲಿಲ್ಲ. ಅಷ್ಟು ವರ್ಷ ನಾನು ಹೇಳಿದ ಕಥೆಯಲ್ಲಿ ಮಾರಯ್ಯನ ಪ್ರಾಮಾಣಿಕತೆಯನ್ನೇ ದೊಡ್ಡದು ಮಾಡಿದ್ದೆ. ಅಕ್ಕಿಯನ್ನು ಅಳೆದವಳು ಲಕ್ಕಮ್ಮ. ಎಷ್ಟು ತಮ್ಮದು, ಎಷ್ಟು ಪರರದು ಎಂಬ ಲೆಕ್ಕ ಇದ್ದುದು ಅವಳ ಬಳಿ. ತಂದೆಯವರ ಕಥೆಯಲ್ಲಿಯೂ ನಾನು ಬಿಟ್ಟ ಭಾಗವೊಂದು ನೆನಪಾಯಿತು. ಸಂತೆಯ ದಿನ ರಾತ್ರಿ ಗಲ್ಲಾ ಎಣಿಸುವ ಮೊದಲು ಅವರು ಹಮಾಲನ ಕೂಲಿಯನ್ನು ತೆಗೆದು ಬೇರೆ ಇಡುತ್ತಿದ್ದರು. ಅವನು ನಮ್ಮ ಮನೆಯಲ್ಲಿಯೇ ಉಣ್ಣುತ್ತಿದ್ದ, ನಮ್ಮ ಪಂಕ್ತಿಯಲ್ಲಿ. ತೂಗುವ ತಕ್ಕಡಿ ಬೀದಿಗೆ ಕಾಣುತ್ತದೆ, ಒಳಗೆ ತೆಗೆದಿಟ್ಟ ಕೂಲಿ ಕಾಣುವುದಿಲ್ಲ. ನಾನು ಕಂಡದ್ದನ್ನಷ್ಟೇ ಕಲಿತಿದ್ದೆ.

ಮರುದಿನ ಅಂಗಡಿಯ ಗೋಡೆಯಲ್ಲಿ ಕಟ್ಟು ಹಾಕಿಸಿ ತೂಗುಬಿಟ್ಟಿದ್ದ ನೋಂದಣಿ ಪತ್ರವನ್ನು ಮೊದಲ ಸಲ ಗಮನವಿಟ್ಟು ನೋಡಿದೆ. 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಅಧಿನಿಯಮದ ಅಡಿಯಲ್ಲಿ ಕೊಟ್ಟದ್ದು. ಪರಿಚಯದ ವಕೀಲರೊಬ್ಬರಿಂದ ಆ ಕಾಯ್ದೆಯ ಪುಸ್ತಕವನ್ನೇ ತಂದು ಓದಿದೆ. ಆಗಿನ ನಿಯಮದಂತೆ ದಿನಕ್ಕೆ ಒಂಬತ್ತು ತಾಸು, ವಾರಕ್ಕೆ ನಲವತ್ತೆಂಟು ತಾಸು, ವಾರಕ್ಕೊಂದು ರಜೆ, ಹೆಚ್ಚುವರಿ ದುಡಿಮೆಗೆ ಇಮ್ಮಡಿ ದರ. ವಚನ ಓದಿಕೊಂಡವನಿಗೆ ಇದನ್ನು ಸರಕಾರದ ಪುಸ್ತಕ ಹೇಳಿಕೊಡಬೇಕಾಯಿತು.

ರಿಯಾಯಿತಿಯ ಹಲಗೆ ಇಳಿಸಿದೆ. ಪಗಾರವನ್ನು 1,800ಕ್ಕೆ ಏರಿಸಿದೆ. ಭಾನುವಾರ ಬಾಗಿಲು ಹಾಕಿದೆ. ಬೆಳಿಗ್ಗೆ ಬಾಗಿಲು ತೆಗೆಯುವುದು ನನ್ನ ಪಾಲಿಗೆ ಬಂತು. ಆ ಜೂನ್‌ನಲ್ಲಿ ಗಿರಾಕಿಗಳು ಕಡಿಮೆಯಾದರು. "ಮಾಸ್ತರರಿಗೂ ವ್ಯಾಪಾರದ ರುಚಿ ಹತ್ತಿತು" ಎಂದು ನನ್ನ ಹಳೆಯ ವಿದ್ಯಾರ್ಥಿಯ ತಂದೆಯೊಬ್ಬರು ನನಗೆ ಕೇಳಿಸುವಂತೆಯೇ ಅಂದರು. ಸಮಜಾಯಿಷಿ ಹೇಳುವ ಆಸೆಯಾಯಿತು. ಹೇಳಿದರೆ ಅದೂ ಇನ್ನೊಂದು ಹಲಗೆಯೇ ಆದೀತೆಂದು ನುಂಗಿಕೊಂಡೆ. ಎರಡು ಅಂಗಡಿ ಆಚೆಯವರ ಬಳಿ ಚಹಾಕ್ಕೆ ನಾನೇ ಹೋದೆ. ಆ ಮಾತು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಹುಡುಗ ಕಾಲಿಗೆ ಬಿದ್ದಾನು, ಕಣ್ಣೀರಿಟ್ಟಾನು ಎಂದು ಒಳಗೊಳಗೇ ಕಾದಿದ್ದೆ. ಹೊಸ ಪಗಾರ ಕೈಗೆ ಬಂದ ದಿನ ಅವನು ಕೇಳಿದ್ದು ಒಂದೇ ಪ್ರಶ್ನೆ: "ಸರ್, ಅಂಗಡಿ ಇಷ್ಟು ಕೊಡಬಲ್ಲದು ಅಂದರ, ಹೋದ ವರ್ಷ ಯಾಕ ಕೊಡಲಿಲ್ರೀ?"

ಆ ಪ್ರಶ್ನೆಗೆ ಬಾಯಿಮಾತಿನ ಉತ್ತರ ಸಾಲದು. ತಿಂಗಳಿಗೆ ಸಾವಿರದಂತೆ ಹನ್ನೆರಡು ತಿಂಗಳ ಬಾಕಿ ಎಂದು ನನ್ನ ಹೆಂಡತಿ ಕಿರ್ದಿಯಲ್ಲಿ ಅವನ ಹೆಸರಿಗೆ ಹನ್ನೆರಡು ಸಾವಿರ ಜಮಾ ಬರೆದಳು. ಕಾಯ್ದೆಯ ಪುಸ್ತಕದಂತೆ ಹೆಚ್ಚುವರಿ ತಾಸುಗಳನ್ನು ಲೆಕ್ಕ ಹಾಕಿದ್ದರೆ ಇನ್ನೂ ಹೆಚ್ಚಾಗುತ್ತಿತ್ತೇನೋ. ಅಷ್ಟು ಧೈರ್ಯ ನನಗೆ ಬರಲಿಲ್ಲ. ನಾಲ್ಕು ನಾಲ್ಕು ಸಾವಿರದಂತೆ ಮೂರು ಕಂತಿನಲ್ಲಿ ಕೊಟ್ಟೆ. ಕೊನೆಯ ಕಂತಿನ ಹೊತ್ತಿಗೆ ಅವನಿಗೆ ಹುಬ್ಬಳ್ಳಿಯಲ್ಲಿ ಬೇರೆ ಕೆಲಸ ಸಿಕ್ಕಿತ್ತು. ಹೊರಡುವ ಮುನ್ನಾದಿನ ನೋಟುಗಳನ್ನು ಕೈಯಲ್ಲಿಟ್ಟೆ. ಮಾಸ್ತರರ ಎದುರಿಗೆ ಎಣಿಸಬಾರದೆಂಬ ಸಂಕೋಚವೇನೂ ಇಲ್ಲದೆ, ಹೆಬ್ಬೆರಳು ಒದ್ದೆ ಮಾಡಿಕೊಂಡು ಒಂದೊಂದಾಗಿ ಎಣಿಸಿದ. ಮತ್ತೊಮ್ಮೆ ಎಣಿಸಿದ.

"ಸರ್, ನೂರು ರೂಪಾಯಿ ಕಡಿಮೆ ಐತ್ರೀ," ಎಂದ.

ಹೌದು, ಕಡಿಮೆಯೇ ಇತ್ತು. ಗಲ್ಲಾ ತೆಗೆದು ಕೊಟ್ಟೆ.