ಕೆಂಪು ಮುಚ್ಚಳದ ಸಿರಿಂಜ್

ಗಾಜಿನ ಈಚೆ ನಿಂತುಕೊಳ್ಳಿ, ಆಚೆಯವರಿಗೆ ನಾವು ಕಾಣುವುದಿಲ್ಲ. ಇದು ನರ್ಸಿಂಗ್ ಕಾಲೇಜಿನ ಸಿಮ್ಯುಲೇಶನ್ ಲ್ಯಾಬ್. ಮಂಚದ ಮೇಲೆ ಮಲಗಿರುವುದು ಬೊಂಬೆ. ಆದರೆ ಎದೆ ಏರಿಳಿಯುತ್ತಿದೆ, ಮಣಿಕಟ್ಟು ಹಿಡಿದರೆ ನಾಡಿ ಸಿಗುತ್ತದೆ. ಅದರ ದನಿ ಮಾತ್ರ ನಮ್ಮ ಪಕ್ಕದಲ್ಲಿ ಮೈಕ್ ಹಿಡಿದು ಕೂತಿರುವ ಮೇಡಂ ಅವರದು.

ಎರಡನೇ ವರ್ಷದ ಹುಡುಗಿಯೊಬ್ಬಳು ಟ್ರೇ ಹಿಡಿದು ಬರುತ್ತಾಳೆ.

"ಅಮ್ಮಾ, ನಿಮ್ಮ ಹೆಸರು ಹೇಳ್ತೀರಾ?"

ಸರಿಯಾಗಿ ಕೇಳಿದಳು. "ಲಕ್ಷ್ಮಮ್ಮ ಅಲ್ವಾ?" ಅಂದರೆ, ಮಂಪರಿನಲ್ಲಿರುವವರು ಯಾವ ಹೆಸರಿಗೂ ಹೂಂಗುಟ್ಟಿಬಿಡಬಹುದು. ಪಕ್ಕದ ಮಂಚದಲ್ಲೂ ಒಬ್ಬ ಲಕ್ಷ್ಮಮ್ಮ ಇದ್ದಾಳೆ, ಬೇಕೆಂದೇ ಮಲಗಿಸಿದ್ದು. ಹುಡುಗಿ ಕೈಪಟ್ಟಿಯ ನಂಬರನ್ನು ಕೇಸ್ ಶೀಟಿನೊಂದಿಗೆ ತಾಳೆ ನೋಡುತ್ತಾಳೆ. ಭೇಷ್.

ಈಗ ಇನ್ಸುಲಿನ್, 10 ಯೂನಿಟ್. ಅವಳ ಕೈಯನ್ನೇ ನೋಡಿ. ಎತ್ತಿಕೊಂಡದ್ದು ಕೆಂಪು ಮುಚ್ಚಳದ ಸಿರಿಂಜ್, ಮಿಲಿಗೆ 40 ಯೂನಿಟ್ ಇರುವ ಔಷಧಿಯದ್ದು. ಟ್ರೇಯಲ್ಲಿರುವ ಬಾಟಲಿ 100ರದ್ದು, ಅದಕ್ಕೆ ಕಿತ್ತಳೆ ಮುಚ್ಚಳದ ಸಿರಿಂಜ್ ಬೇಕು. ನಮ್ಮ ದೇಶದಲ್ಲಿ ಎರಡೂ ಬಳಕೆಯಲ್ಲಿವೆ. ಔಷಧಿ 10ರ ಗೆರೆಗೇ ನಿಂತಿದೆ, ಒಳಗಿರುವುದು 25 ಯೂನಿಟ್! ಬೆರಳಿನಿಂದ ತಟ್ಟಿ ಗುಳ್ಳೆ ಕಳೆದು, ಹೊಟ್ಟೆಯ ರಬ್ಬರ್ ಚರ್ಮ ಚಿವುಟಿ ಹಿಡಿದು ಚುಚ್ಚುತ್ತಾಳೆ. ಗಾಜು ಬಡಿದು ಕೂಗಬೇಕೆನಿಸುತ್ತದೆ. ಮೇಡಂ ತಡೆಯುವುದಿಲ್ಲ.

"ಒಂದು ಗಂಟೆ ಕಳೀತು" ಎಂದಷ್ಟೇ ಹೇಳಿ, ಲಕ್ಷ್ಮಮ್ಮನ ದನಿಗೆ ತಿರುಗುತ್ತಾರೆ. "ಸಿಸ್ಟರ್... ಕೈ ನಡುಗ್ತಿದೆ, ಕಣ್ಣು ಕತ್ತಲೆ ಬರ್ತಿದೆ."

ನಾಡಿ 118. ರಕ್ತದ ಸಕ್ಕರೆ 42. ಹುಡುಗಿಯ ಮುಖ ಬಿಳಿಚಿಕೊಳ್ಳುತ್ತದೆ. ಡಾಕ್ಟರಿಗೆ ಫೋನು, ಗ್ಲೂಕೋಸ್, ಮತ್ತೆ ಸಕ್ಕರೆ ಪರೀಕ್ಷೆ. ಬೊಂಬೆ ಚೇತರಿಸಿಕೊಳ್ಳುತ್ತದೆ.

ಆಮೇಲೆ ಕುರ್ಚಿಗಳನ್ನು ದುಂಡಗೆ ಹಾಕಿ ಎಲ್ಲರೂ ಕೂರುತ್ತಾರೆ. ನನಗೆ ಮುಖ್ಯವೆನಿಸುವುದು ಈ ಹೊತ್ತೇ. ಮೇಡಂ ಬೈಯುವುದಿಲ್ಲ.

"ಸಿರಿಂಜ್ ತಗೊಳ್ಳೋವಾಗ ಮನಸ್ಸಲ್ಲಿ ಏನಿತ್ತಮ್ಮ?"

"ಹೆಸರು, ನಂಬರು ಎರಡೂ ಸರಿಯಾಯ್ತಲ್ಲ ಮೇಡಂ, ಆ ನೆಮ್ಮದೀಲಿದ್ದೆ. ಬಾಟಲಿ ಮೇಲಿನ ಅಂಕಿ ಓದಲೇ ಇಲ್ಲ."

ಗದರಿಸಿದ್ದರೆ ಈ ಮಾತು ಹೊರಬರುತ್ತಿತ್ತೇ? ಮಾತು ಅಲ್ಲಿಂದ ವಾರ್ಡಿನತ್ತ ಹೊರಳುತ್ತದೆ. ಎರಡು ಬಗೆಯ ಸಿರಿಂಜ್ ಒಂದೇ ಟ್ರೇಯಲ್ಲಿ ಯಾಕಿದ್ದವು? ಚುಚ್ಚುವ ಮೊದಲು ಇನ್ನೊಬ್ಬ ನರ್ಸಿಗೆ ತೋರಿಸುವ ಪದ್ಧತಿ ಯಾಕಿರಲಿಲ್ಲ? ಹೆದರಿಕೊಂಡವರು ತಪ್ಪು ಮುಚ್ಚಿಡುತ್ತಾರೆ, ಅದೇ ತಪ್ಪು ಮರುದಿನ ಇನ್ನೊಬ್ಬ ರೋಗಿಯ ಮೈಗೆ ಇಳಿಯುತ್ತದೆ.

ಲಕ್ಷಗಟ್ಟಲೆ ಕೊಟ್ಟು ಬೊಂಬೆ ತರಿಸುವ ಕಾಲೇಜಿನವರಲ್ಲಿ ಒಂದೇ ಕೋರಿಕೆ: ಪಾಠ ಮುಗಿಸುವ ಅವಸರದಲ್ಲಿ ಈ ಕುರ್ಚಿಗಳ ಹೊತ್ತನ್ನು ಮಾತ್ರ ಕತ್ತರಿಸಬೇಡಿ.