ಔಷಧಾಲಯದಲ್ಲಿ ಐನೂರು ಗಂಟೆ

ಸುಶ್ರುತಸಂಹಿತೆಯ ಸೂತ್ರಸ್ಥಾನದಲ್ಲಿ ಯೋಗ್ಯಾಸೂತ್ರೀಯವೆಂಬ ಅಧ್ಯಾಯವುಂಟು. ಶಾಸ್ತ್ರವನ್ನೆಲ್ಲ ಓದಿದವನಾದರೂ ಕೈಯಾರೆ ಅಭ್ಯಾಸಮಾಡದಿದ್ದರೆ ಚಿಕಿತ್ಸೆಗೆ ಅನರ್ಹನೆಂದು ಅಲ್ಲಿ ಹೇಳಿದೆ. ಶಿಷ್ಯನು ಸೋರೆ, ಸೌತೆ ಮುಂತಾದವುಗಳ ಮೇಲೆ ಕೊಯ್ಯುವುದನ್ನು ಕಲಿಯತಕ್ಕದ್ದು. ಕಾಯಿ ಕೆಟ್ಟರೆ ಪಲ್ಯಕ್ಕಾದೀತು! ಮದ್ದು ಕೊಡುವುದನ್ನು ಕಲಿಯುವವರಿಗೆ ಆ ಅನುಕೂಲವಿಲ್ಲ. ಎದುರಿಗೆ ನಿಂತಿರುವವನು ರೋಗಿ.

ನಮ್ಮ ತಮ್ಮನ ಮಗಳು ಎರಡು ವರ್ಷ ಓದಿ ಫಾರ್ಮಸಿ ಡಿಪ್ಲೊಮಾದ ಪರೀಕ್ಷೆಗಳನ್ನು ಮುಗಿಸಿದಳು. ಆಮೇಲೆ ನಿಯಮದಂತೆ ಮೂರು ತಿಂಗಳಿಗೆ ಕಡಮೆಯಿಲ್ಲದೆ 500 ಗಂಟೆಗಳ ತರಬೇತಿ. ಅದರಲ್ಲಿ 250 ಗಂಟೆಗಳಾದರೂ ವೈದ್ಯರ ಚೀಟಿಯನ್ನು ನೋಡಿ ಔಷಧ ಕೊಡುವುದರಲ್ಲಿ ಕಳೆಯಬೇಕು. ನಿಯಮವೇನೋ ಉಚಿತವಾದುದೇ. ಆದರೆ ಅವಳು ಸೇರಿದ ಅಂಗಡಿಯಲ್ಲಿ ಮೊದಲ ತಿಂಗಳೆಲ್ಲ ಪೆಟ್ಟಿಗೆ ಬಿಚ್ಚುವುದು, ಧೂಳು ಒರೆಸುವುದು, ಇಷ್ಟೇ ಆಯಿತು.

“ದೊಡ್ಡಪ್ಪ, ಬೇಕಾದರೆ ಈಗಲೇ ಸರ್ಟಿಫಿಕೇಟಿಗೆ ರುಜು ಹಾಕಿಕೊಡುತ್ತೇನೆ, ನಾಳೆಯಿಂದ ಬರಬೇಡ ಎಂದರು” ಎಂದು ಕಣ್ಣೀರಿಟ್ಟಳು.

ಅಂಗಡಿಯವನೊಬ್ಬನನ್ನೇ ದೂರುವುದು ನ್ಯಾಯವಲ್ಲ. ಗಿರಾಕಿಗಳು ಕಾದು ನಿಂತಿರುವಾಗ ಪಾಠ ಹೇಳುವುದರಿಂದ ಅವನಿಗೇನು ಲಾಭ? ಶಿಷ್ಯೆ ತಪ್ಪಿದರೆ ಅಪವಾದ ಮಾತ್ರ ಅವನದು.

ನಮ್ಮ ತಮ್ಮನು ಅಲೆದಾಡಿ ಅವಳನ್ನು ಒಂದು ಆಸ್ಪತ್ರೆಯ ಔಷಧಾಲಯಕ್ಕೆ ಸೇರಿಸಿದನು. ಅಲ್ಲಿನ ವೃದ್ಧ ಫಾರ್ಮಸಿಸ್ಟರು ಪ್ರತಿಯೊಂದು ಚೀಟಿಯನ್ನೂ ಅವಳಿಂದಲೇ ಓದಿಸುವರು. ಒಂದು ದಿನ ಕೀಲುನೋವಿನ ಮುದುಕಿಯೊಬ್ಬಳಿಗೆ ಮೆಥೊಟ್ರೆಕ್ಸೇಟ್ ಬರೆದಿತ್ತು. ಅದನ್ನು ವಾರಕ್ಕೆ ಒಂದೇ ದಿನ ನುಂಗಬೇಕು. ದಿನವೂ ನುಂಗಿದರೆ ಮಜ್ಜೆಯಲ್ಲಿ ರಕ್ತೋತ್ಪತ್ತಿ ಕುಂದಿ ಪ್ರಾಣಕ್ಕೇ ಅಪಾಯ. ಮುದುಕಿಯು, “ದಿನಾ ಬೆಳಿಗ್ಗೆ ತಾನೇ ಮಗು?” ಎಂದಳಂತೆ. ಹುಡುಗಿ ಪುಸ್ತಕದಲ್ಲಿ ಓದಿದ್ದಳು; ಆದರೂ ಮಾತು ಹೊರಡಲಿಲ್ಲ. ಫಾರ್ಮಸಿಸ್ಟರು ತಾವು ಬಾಯಿ ಹಾಕದೆ ಕಾದರು. ಕೊನೆಗೆ ಅವಳೇ, “ಇಲ್ಲ ಅಜ್ಜಿ, ಸೋಮವಾರ ಮಾತ್ರ” ಎಂದು ಹೇಳಿ, ಲಕೋಟೆಯ ಮೇಲೆ ದೊಡ್ಡಕ್ಷರದಲ್ಲಿ ಬರೆದು, ಅಜ್ಜಿಯ ಬಾಯಿಂದಲೂ ಹೇಳಿಸಿದಳು. ಆ ಕಾದು ನಿಂತ ಗಳಿಗೆಯನ್ನು ನಾವು ಬಹಳ ದೊಡ್ಡದೆಂದೆಣಿಸುತ್ತೇವೆ; ಅವಸರದ ಗುರುವು ತಾನೇ ಉತ್ತರ ಹೇಳಿಬಿಡುತ್ತಿದ್ದನು.

ನಾವು ಉಪಾಧ್ಯಾಯರ ತರಬೇತಿಯಲ್ಲಿದ್ದಾಗ ನಮ್ಮ ಗುರುಗಳು ಹಿಂದಿನ ಬೆಂಚಿನಲ್ಲಿ ಕುಳಿತು ನಮ್ಮ ಪಾಠವನ್ನು ಕೇಳಿ ಟಿಪ್ಪಣಿ ಬರೆಯುತ್ತಿದ್ದರು. ಈ ಹುಡುಗಿಯನ್ನು ನೋಡಲು ಕಾಲೇಜಿನಿಂದ ಈವರೆಗೆ ಯಾರೊಬ್ಬರೂ ಬಂದಿಲ್ಲ. ಧೂಳೊರೆಸಿದ ಗಂಟೆಗೂ ಅಜ್ಜಿಗೆ ತಿಳಿಯಹೇಳಿದ ಗಂಟೆಗೂ ದಾಖಲೆಯ ಪುಸ್ತಕದಲ್ಲಿ ಒಂದೇ ಅಂಕಿ, ಒಂದೇ ರುಜು. ಅವಳಿಗಿನ್ನು 60 ಗಂಟೆಗಳುಳಿದಿವೆ. ಮುಗಿದ ಮೇಲೂ ಒಂದು ತಿಂಗಳು ಅಲ್ಲಿಯೇ ಇರಲು ಫಾರ್ಮಸಿಸ್ಟರ ಅಪ್ಪಣೆ ಕೇಳಿದ್ದಾಳೆ.