ಕೊಡಲಿಕ್ಕಿಲ್ಲ ಎಂದವರ ಊರುಗಳಲ್ಲಿ

ಬಂಟ್ವಾಳದ ಪೇಟೆಯಲ್ಲಿ ಬಸ್ಸಿನಿಂದ ಇಳಿದಾಗ ನನ್ನ ಜೇಬಿನಲ್ಲಿ ಐದು ಸಾವಿರ ರೂಪಾಯಿ ಇತ್ತು. ಎರಡು ದಿನಗಳ ಅನಂತರ ಮೂಡುಬಿದಿರೆಯಿಂದ ಹಿಂದಿರುಗುವಾಗ, ಬಸ್ಸಿನ ಚಾರ್ಜು ಊಟ ತಿಂಡಿಗಳ ಖರ್ಚು ಕಳೆದರೆ, ಉಳಿದುದೆಲ್ಲ ಹಾಗೆಯೇ ಇತ್ತು. ಪ್ರವಾಸದಲ್ಲಿ ಹಣ ಖರ್ಚಾಗಲಿಲ್ಲವೆಂದು ಕೊರಗಿದವನು ಬಹುಶಃ ನಾನೊಬ್ಬನೇ ಇರಬೇಕು.

ವಿಷಯವಿಷ್ಟು. ಕೆಲವರಿಗೆ ಅಂಚೆಚೀಟಿಯ ಹುಚ್ಚು, ಕೆಲವರಿಗೆ ಹಳೆಯ ನಾಣ್ಯಗಳ ಹುಚ್ಚು. ಉತ್ತರ ಅಮೆರಿಕದಲ್ಲಿ ಹಿಮದ ಮೇಲೆ ಹಾಕಿ ಆಡುವ ಆಟಗಾರರ ಚಿತ್ರವಿರುವ ಅಂಗೈಯಗಲದ ಕಾರ್ಡುಗಳನ್ನು ಕೂಡಿಡುವವರಿದ್ದಾರೆ. ವೇಯ್ನ್ ಗ್ರೆಟ್ಸ್ಕಿ ಎಂಬ ಆಟಗಾರನ 1979ರ ಕಾರ್ಡೊಂದು 2021ರಲ್ಲಿ 37 ಲಕ್ಷ ಡಾಲರಿಗೂ ಮಿಕ್ಕ ಬೆಲೆಗೆ ಕೈ ಬದಲಾಯಿಸಿತು. ನನಗೆ ಅಂಟಿದ್ದು ಓಲೆಗರಿಯ ಹುಚ್ಚು. ಎಂ.ಎ. ತರಗತಿಯಲ್ಲಿ ಗ್ರಂಥಸಂಪಾದನೆಯ ಪಾಠ ಕೇಳುವಾಗ ಹತ್ತಿದ್ದು, ಮೇಷ್ಟರಾಗಿ ಹತ್ತು ವರ್ಷ ಕಳೆದರೂ ಬಿಟ್ಟಿಲ್ಲ. ಮನೆಯಲ್ಲಿ ಮೂರು ಕಟ್ಟುಗಳಿವೆ: ಯಾರದೋ ಗೇಣಿಯ ಲೆಕ್ಕ, ಅರ್ಧ ಪಂಚಾಂಗ, ಮತ್ತು ಆದಿಯೂ ಅಂತ್ಯವೂ ಇಲ್ಲದ ಜೈಮಿನಿ ಭಾರತದ ಕೆಲವು ಗರಿಗಳು. ಇವನ್ನು ಕಂಡಾಗಲೆಲ್ಲ ನನ್ನ ಹೆಂಡತಿ, "ಇದರ ಧೂಳು ಹೊಡೆಯುವವರು ಯಾರು?" ಎಂದು ಕೇಳುತ್ತಾಳೆ. ನ್ಯಾಯವಾದ ಪ್ರಶ್ನೆ.

ಪೂರ್ಣವಾದ ಒಂದು ಕಟ್ಟನ್ನಾದರೂ ಸಂಪಾದಿಸಬೇಕೆಂಬ ಹಟದಿಂದ ಡಿಸೆಂಬರಿನ ರಜೆಯಲ್ಲಿ ಹೊರಟೆ. ನೇತ್ರಾವತಿಯ ದಡದ ಬಂಟ್ವಾಳ ಪಂಜೆ ಮಂಗೇಶರಾಯರು ಹುಟ್ಟಿದ ಊರು. ಕನ್ನಡ ಮೇಷ್ಟರಿಗೆ ಅಲ್ಲಿಂದ ಪ್ರಾರಂಭಿಸುವುದು ಶುಭವೆಂದು ತೋರಿತು. ಈಗ ಜನಸಂದಣಿಯೆಲ್ಲ ಬಿ.ಸಿ. ರೋಡಿನಲ್ಲಿ, ಹಳೆಯ ಪೇಟೆ ಮಧ್ಯಾಹ್ನದ ನಿದ್ದೆಯಿಂದ ಇನ್ನೂ ಎದ್ದಂತಿಲ್ಲ. ಇಕ್ಕಟ್ಟಾದ ಬೀದಿ, ಹಂಚಿನ ಮಾಡು, ಮರದ ಮಾಳಿಗೆ, ಮನೆಗಳ ಹಿತ್ತಿಲಿಗೇ ಬಂದು ನಿಂತಂತಿರುವ ಹೊಳೆ. ಡಿಸೆಂಬರಿನಲ್ಲಿ ಈ ಹೊಳೆಯನ್ನು ನೋಡಿದವರು 1923ರ ಕಥೆಯನ್ನು ನಂಬಲಾರರು. ಆ ವರ್ಷದ ನೆರೆಯನ್ನು ತುಳುವಿನಲ್ಲಿ 'ಮಾರಿಬೊಳ್ಳ' ಎನ್ನುತ್ತಾರೆ. ಪೇಟೆ ಮುಳುಗಿತು, ಮನೆಗಳು ಕುಸಿದವು. 1974ರಲ್ಲಿ ಮತ್ತೊಮ್ಮೆ ಹೊಳೆ ಊರೊಳಗೆ ಬಂತು.

ನಾನು ವಿಚಾರಿಸಿಕೊಂಡು ಹೋದ ಮನೆಯ ಯಜಮಾನಿತಿ ಎಂಬತ್ತು ಸಮೀಪಿಸಿದ ಅಜ್ಜಿ. ಬಾಯಾರಿಕೆಗೆ ಬೆಲ್ಲ ನೀರು ಕೊಟ್ಟರು. ಬಂದ ಕಾರಣವನ್ನು ಅನಂತರ ಕೇಳಿದರು. ಹೇಳಿದೆ. ಒಳಗೆ ಹೋಗಿ ಕೆಂಪು ಪಾಣಿಪಂಚೆಯಲ್ಲಿ ಸುತ್ತಿದ ಕಟ್ಟೊಂದನ್ನು ತಂದು ಮಣೆಯ ಮೇಲಿಟ್ಟರು. ನನ್ನ ಎದೆ ಹಾರಿತು. ಯಕ್ಷಗಾನದ ಪ್ರಸಂಗ! ಎರಡು ಹಲಗೆಗಳ ನಡುವೆ, ದಾರ ಸಡಿಲವಾಗದಂತೆ ಬಿಗಿದ, ಮೊದಲ ಗರಿಯಿಂದ ಕೊನೆಯ ಗರಿಯವರೆಗೆ ಇಡಿಯಾಗಿ ಉಳಿದ ಪ್ರತಿ.

ಓಲೆಯ ಬರವಣಿಗೆಯನ್ನು ಹತ್ತಿರದಿಂದ ನೋಡದವರಿಗಾಗಿ ಒಂದು ಮಾತು. ಶ್ರೀತಾಳೆಯ ಗರಿಯನ್ನು ಬೇಯಿಸಿ, ಒಣಗಿಸಿ, ನುಣುಪು ಮಾಡಿ, ಕಬ್ಬಿಣದ ಕಂಟದಿಂದ ಅಕ್ಷರಗಳನ್ನು ಕೊರೆಯುತ್ತಾರೆ. ಕೊರೆದಷ್ಟಕ್ಕೆ ಏನೂ ಕಾಣುವುದಿಲ್ಲ. ಮೇಲೆ ಕಾಡಿಗೆಯ ಮಸಿ ಸವರಿ ಒರೆಸಿದಾಗ, ಗೀರಿನೊಳಗೆ ಮಸಿ ನಿಂತು ಅಕ್ಷರ ಕಣ್ಣು ತೆರೆಯುತ್ತದೆ. ವರ್ಷಗಳು ಕಳೆದಂತೆ ಮಸಿ ಮಾಸುತ್ತದೆ. ಅಕ್ಷರ ಅಲ್ಲೇ ಇದ್ದರೂ ಕಾಣದಾಗುತ್ತದೆ. ಅಜ್ಜಿಯ ಕಟ್ಟು ಆ ಸ್ಥಿತಿಗೆ ಬಂದಿತ್ತು. ಓರೆಯಾಗಿ ಬೆಳಕಿಗೆ ಹಿಡಿದರೆ ಒಂದೊಂದು ಸಾಲು ಮಾತ್ರ ಓದಲು ಬರುತ್ತಿತ್ತು.

ಎರಡು ಸಾವಿರ ಎಂದೆ. ಅಜ್ಜಿ ನಕ್ಕರು. ಮೂರು ಎಂದೆ, ಆಮೇಲೆ ನಾಚಿಕೆ ಬಿಟ್ಟು ಐದು ಎಂದೆ.

"ಮಾಸ್ಟ್ರೇ, ಅದು ಕೊಡ್ಲಿಕ್ಕಿಲ್ಲ" ಎಂದರು. "ಮೊದಲಿನ ನೆರೆಗೆ ನಮ್ಮ ಅತ್ತೆ ಇದನ್ನು ತಲೆಯ ಮೇಲೆ ಹೊತ್ತು ಗುಡ್ಡೆಗೆ ಹೋದದ್ದಂತೆ. ಎಪ್ಪತ್ತನಾಲ್ಕರಲ್ಲಿ ನಾನು ಹೊತ್ತದ್ದು. ಪಾತ್ರೆ ಪಗಡೆ ಎಲ್ಲ ಹೋಯಿತು, ಇದು ಉಳಿಯಿತು. ಈಗ ನೀರೇ ಬಾರದೆ ಕೊಟ್ಟುಬಿಡುವುದಾ?"

ನಾನು ಉತ್ತರ ಹೇಳದೆ ಎದ್ದೆ. ಮನಸ್ಸಿನೊಳಗೆ ಮಾತ್ರ ಬಹಳ ಮಾತಾಡಿದೆ. ಓದಲು ಬಾರದವರಿಗೆ ಇದೇಕೆ? ಇವರ ಅನಂತರ ಇದು ಯಾರ ಪಾಲು? ನಾಳೆ ಮೊಮ್ಮಕ್ಕಳು ಬಚ್ಚಲ ಒಲೆಗೆ ಹಾಕಿದರೆ? ಸಂಗ್ರಹಕಾರನ ಕೋಪ ಯಾವಾಗಲೂ ಲೋಕಹಿತದ ವೇಷದಲ್ಲಿಯೇ ಬರುತ್ತದೆ. ಆ ಕಟ್ಟು ನನ್ನ ಕಪಾಟಿಗೆ ಬಂದಿದ್ದರೆ ಲೋಕದ ಚಿಂತೆ ನನಗೆ ಎಷ್ಟು ದಿನ ಇರುತ್ತಿತ್ತೋ ದೇವರೇ ಬಲ್ಲ.

ವಗ್ಗ, ಪುಂಜಾಲಕಟ್ಟೆ, ಮಡಂತ್ಯಾರು, ಗುರುವಾಯನಕೆರೆ ದಾಟಿ ಬೆಳ್ತಂಗಡಿ ಸೇರುವ ರಸ್ತೆ ಬೇಸರ ಕಳೆಯುವಂಥದು. ಅಡಕೆ ತೋಟ, ರಬ್ಬರು, ಗೇರುಮರದ ಗುಡ್ಡ. ದೂರದಲ್ಲಿ ಘಟ್ಟದ ನೀಲಿಗೆರೆ. ಬೆಳ್ತಂಗಡಿಯ ಸಮೀಪದ ಜೈನ ಮನೆತನವೊಂದಕ್ಕೆ ಮಿತ್ರರೊಬ್ಬರು ಪತ್ರ ಕೊಟ್ಟಿದ್ದರು. ಸುತ್ತು ಜಗಲಿಯ ದೊಡ್ಡ ಮನೆ. ಹಿರಿಯರು ಬಹಳ ಆದರದಿಂದ ಕೂರಿಸಿಕೊಂಡು ಮಾತನಾಡಿಸಿದರು. ಅವರಲ್ಲಿ ಓಲೆಯ ಕಟ್ಟುಗಳು ಏಳಿವೆ. ಮಾರುವ ಮಾತಂತೂ ಇಲ್ಲ. ನೋಡುವುದಕ್ಕೂ ಈಗ ಸಲ್ಲದು.

"ಶ್ರುತಪಂಚಮಿಯಂದು ತೆಗೆದು ಪೂಜೆ ಮಾಡುವುದು. ಮತ್ತೆ ಕಟ್ಟಿ ಇಟ್ಟರೆ ಮುಂದಿನ ಜ್ಯೇಷ್ಠಕ್ಕೇ" ಎಂದರು. "ನೀವು ಆಗ ಬನ್ನಿ ಮಾರಾಯ್ರೇ, ಊಟಕ್ಕೂ ಇರಬೇಕು."

ಜ್ಯೇಷ್ಠಕ್ಕೆ ಇನ್ನೂ ಆರು ತಿಂಗಳು. ಹೊರಡುವಾಗ ದೇವರ ಕೋಣೆಯ ಬಾಗಿಲಿನಿಂದ ಆ ಪೆಟ್ಟಿಗೆಯನ್ನು ತೋರಿಸಿದರು. ಪೆಟ್ಟಿಗೆಯ ಕೆಳಗೆ, ಬಿರುಕಿನ ನೇರಕ್ಕೆ, ಮಣ್ಣುಬಣ್ಣದ ಸಣ್ಣ ಹಿಟ್ಟು ಉದುರಿತ್ತು. ಓಲೆಯ ಕೆಲಸ ಮಾಡಿದವರಿಗೆ ಅದು ಏನೆಂದು ಹೇಳಬೇಕಾಗಿಲ್ಲ. ಒಳಗೆ ಹುಳು ಸೇರಿದೆ. ಹೇಳಲೋ ಬೇಡವೋ ಎಂದು ಅನುಮಾನಿಸಿದೆ. ಹೇಳಿದರೆ, ಕೊಳ್ಳಲು ಬಂದವನು ಹೆದರಿಸಿ ಪೆಟ್ಟಿಗೆ ತೆಗೆಸಲು ಹೂಡಿದ ಉಪಾಯವೆಂದು ತಿಳಿಯಲಾರರೇ? ಬೆಲೆ ಕೇಳಿದ ಬಾಯಿಂದ ಹಿತವಚನ ಬಂದರೆ ಯಾರು ನಂಬುತ್ತಾರೆ? ಹೇಳದೆಯೇ ಬಂದುಬಿಟ್ಟೆ. ಆ ರಾತ್ರಿ ಬೆಳ್ತಂಗಡಿಯ ವಸತಿಗೃಹದಲ್ಲಿ ನನಗೆ ನಿದ್ದೆ ಬರಲಿಲ್ಲ.

ಬೆಳಿಗ್ಗೆ ಧರ್ಮಸ್ಥಳಕ್ಕೆ ಹೋಗಿ 'ಮಂಜೂಷಾ' ವಸ್ತುಸಂಗ್ರಹಾಲಯವನ್ನು ನೋಡಿದೆ. ಡಿ. ವೀರೇಂದ್ರ ಹೆಗ್ಗಡೆಯವರ ಆಸಕ್ತಿಯಿಂದ ಬೆಳೆದ ಆ ಸಂಗ್ರಹವನ್ನು ನೋಡಿ ಮುಗಿಸಲು ಒಂದು ದಿನ ಸಾಲದು. ಓಲೆಗರಿಗಳೂ ಅಲ್ಲಿವೆ. ಬಂಟ್ವಾಳದ ಕಡೆ ಪ್ರೊ. ತುಕಾರಾಮ ಪೂಜಾರಿಯವರು ಕಟ್ಟಿದ ರಾಣಿ ಅಬ್ಬಕ್ಕ ತುಳು ಅಧ್ಯಯನ ಕೇಂದ್ರದಲ್ಲಿಯೂ ತುಳುನಾಡಿನ ಮನೆಮನೆಯ ಹಳೆಯ ವಸ್ತುಗಳಿವೆ. ಇವರಿಗೆ ಕೊಟ್ಟ ಜನ ನನಗೇಕೆ ಕೊಡುವುದಿಲ್ಲ? ಹೊಟ್ಟೆಕಿಚ್ಚಿನಿಂದಲೇ ಯೋಚಿಸಿದೆ. ನನಗೆ ತೋಚಿದ್ದು ಇಷ್ಟು: ಅಲ್ಲಿಗೆ ಕೊಟ್ಟರೆ ವಸ್ತು ಊರಿನಲ್ಲಿಯೇ ಇರುತ್ತದೆ, ಕೊಟ್ಟವರ ಮೊಮ್ಮಕ್ಕಳು ಹೋಗಿ 'ಇದು ನಮ್ಮ ಮನೆಯದು' ಎಂದು ಬೆರಳು ತೋರಿಸಬಹುದು. ನನ್ನ ಕಪಾಟಿನ ಮುಂದೆ ನಿಂತು ಹಾಗೆನ್ನಲು ಯಾರು ಬಂದಾರು?

ಮೂಡುಬಿದಿರೆಗೆ ವೇಣೂರಿನ ಮೇಲಾಗಿ ಹೋದೆ. ಫಲ್ಗುಣಿಯ ದಡದಲ್ಲಿ, 1604ರಲ್ಲಿ ತಿಮ್ಮಣ್ಣ ಅಜಿಲ ನಿಲ್ಲಿಸಿದ 35 ಅಡಿಯ ಬಾಹುಬಲಿ. ಇದನ್ನು ಕುರಿತು ಒಂದು ಐತಿಹ್ಯವಿದೆ. ವೇಣೂರಿನಲ್ಲಿ ಬಾಹುಬಲಿ ನಿಂತರೆ ತನ್ನ ಊರಿನ ಬಾಹುಬಲಿಯ ಕೀರ್ತಿ ಕುಂದೀತೆಂದು ಕಾರ್ಕಳದ ಅರಸ ಮೂರ್ತಿಯನ್ನು ತನಗೆ ಒಪ್ಪಿಸೆಂದು ಹೇಳಿಕಳುಹಿಸಿದನಂತೆ. ಅಜಿಲ ಕೊಡಲಿಲ್ಲ, ಮೂರ್ತಿಯನ್ನು ಹೊಳೆಯ ಮರಳಿನಲ್ಲಿ ಹೂತಿಟ್ಟು ಯುದ್ಧಕ್ಕೆ ನಿಂತನಂತೆ. ಕೊಡಲಿಕ್ಕಿಲ್ಲ ಎಂಬ ಮಾತು ಈ ಸೀಮೆಗೆ ಹೊಸದಲ್ಲವೆಂದು ನನಗೆ ಆಗ ಹೊಳೆಯಿತು.

ಆದರೆ ಆ ಮಾತಿನ ದೊಡ್ಡ ಕಥೆ ಇರುವುದು ಮೂಡುಬಿದಿರೆಯಲ್ಲಿ. 1430ರ ಸಾವಿರ ಕಂಬದ ಬಸದಿಯನ್ನು ನೋಡಲು ಬಂದವರು ಅದೇ ಬೀದಿಯ ಗುರುಬಸದಿಯನ್ನು ಎಷ್ಟೋ ಸಲ ನೋಡದೆ ಹೋಗುತ್ತಾರೆ. ಸಿದ್ಧಾಂತ ಬಸದಿಯೆಂದು ಅದಕ್ಕೆ ಇನ್ನೊಂದು ಹೆಸರು. ಷಟ್ಖಂಡಾಗಮಕ್ಕೆ 9ನೆಯ ಶತಮಾನದಲ್ಲಿ ವೀರಸೇನಾಚಾರ್ಯರು ಬರೆದ ಧವಲಾ ಟೀಕೆ, ಅದರ ಒಡನಾಡಿಗಳಾದ ಜಯಧವಲ ಮಹಾಧವಲಗಳು ಶತಮಾನಗಳ ಕಾಲ ಉಳಿದುಕೊಂಡದ್ದು ಇಲ್ಲಿಯ ಓಲೆಗಳಲ್ಲಿ. ಭಾಷೆ ಪ್ರಾಕೃತ ಸಂಸ್ಕೃತ. ಲಿಪಿ ನಮ್ಮ ಹಳಗನ್ನಡ. ಕೆಲವು ಗರಿಗಳ ಮೇಲೆ ಹೊಯ್ಸಳರ ಕಾಲದ್ದೆಂದು ವಿದ್ವಾಂಸರು ಹೇಳುವ ವರ್ಣಚಿತ್ರಗಳಿವೆ. ಯಾತ್ರಿಕರು ಬರುತ್ತಿದ್ದರು, ರತ್ನದ ಬಿಂಬಗಳನ್ನೂ ಈ ಗ್ರಂಥಗಳನ್ನೂ ದರ್ಶನ ಮಾಡಿ ಕೈಮುಗಿದು ಹೋಗುತ್ತಿದ್ದರು. ಓದುವವರಿರಲಿಲ್ಲ.

1883ರಲ್ಲಿ ಮುಂಬಯಿಯ ಶೇಠ್ ಮಾಣಿಕಚಂದರು ಯಾತ್ರೆಗೆ ಬಂದು, ಗರಿಗಳು ಜೀರ್ಣವಾಗುತ್ತಿರುವುದನ್ನು ಕಂಡು ಕಳವಳಗೊಂಡರು. ಸೊಲ್ಲಾಪುರದ ಹೀರಾಚಂದ ನೇಮಚಂದರಿಗೆ ತಿಳಿಸಿದರು. ಪ್ರತಿ ಮಾಡಿಸುವ ಕೆಲಸ ಪ್ರಾರಂಭವಾಗಲು 1896 ಆಯಿತು, ಮುಗಿಯಲು 1922. ಇಪ್ಪತ್ತಾರು ವರ್ಷ! ಶ್ರವಣಬೆಳಗೊಳದ ಬ್ರಹ್ಮಸೂರಿ ಶಾಸ್ತ್ರಿಗಳು ಕೆಲಸದ ನಡುವೆಯೇ ತೀರಿಕೊಂಡರು. ಗಜಪತಿ ಉಪಾಧ್ಯಾಯರು ಮುಂದುವರಿಸಿದರು. ಆದರೆ ಆ ಪ್ರತಿಗಳೂ ಮೂಡುಬಿದಿರೆಯ ಗಡಿ ದಾಟುವಂತಿರಲಿಲ್ಲ.

ಇಲ್ಲಿಂದ ಮುಂದಿನದು ಕಾದಂಬರಿಯಂತಿದೆ. ಗಜಪತಿ ಉಪಾಧ್ಯಾಯರು, ಅವರ ಪತ್ನಿ ಲಕ್ಷ್ಮೀಬಾಯಿಯವರು ಸೇರಿ ಮನೆಯಲ್ಲಿ ಗುಟ್ಟಾಗಿ ಇನ್ನೊಂದು ಪ್ರತಿಯನ್ನು ಕನ್ನಡ ಲಿಪಿಯಲ್ಲಿ ಬರೆದರು. ಅದನ್ನು ಮೊದಲು ಒಯ್ದದ್ದು ಸೊಲ್ಲಾಪುರ ಮುಂಬಯಿಗಳ ಆ ಇಬ್ಬರು ಶೇಠರ ಬಳಿಗೆ. ಗ್ರಂಥೋದ್ಧಾರಕ್ಕಾಗಿ ಹಣ ಕೂಡಿಸಿದ್ದ ಅವರು ಗುಟ್ಟಿನ ಪ್ರತಿಯನ್ನು ಕೊಳ್ಳಲು ಒಪ್ಪಲಿಲ್ಲ. ಕೊನೆಗೆ ಅದು ಉತ್ತರ ಪ್ರದೇಶದ ಸಹಾರನಪುರದ ಲಾಲಾ ಜಂಬೂಪ್ರಸಾದರನ್ನು ಸೇರಿತು. ಅಲ್ಲಿ ನಾಗರಿಗೆ ಇಳಿಸಲು ನಿಯಮಿತರಾಗಿದ್ದ ಸೀತಾರಾಮ ಶಾಸ್ತ್ರಿಗಳು ತಮಗಾಗಿ ಮತ್ತೊಂದು ಗುಟ್ಟಿನ ಪ್ರತಿ ಮಾಡಿಕೊಂಡರು! ಗುಟ್ಟಿನೊಳಗಣ ಈ ಗುಟ್ಟಿನಿಂದ ಪ್ರತಿಗಳು ಊರೂರಿಗೆ ಹರಡಿದವು. ಅವುಗಳ ಆಧಾರದಿಂದ 1939ರಲ್ಲಿ ಡಾ. ಹೀರಾಲಾಲ ಜೈನರು ಅಮರಾವತಿಯಿಂದ ಧವಲಾದ ಮೊದಲ ಸಂಪುಟವನ್ನು ಅಚ್ಚು ಹಾಕಿಸಿದರು. ಮುಂದೆ ಅದು 16 ಸಂಪುಟಗಳಿಗೆ ಬೆಳೆಯಿತು.

ಇಷ್ಟು ಕೇಳಿದವರು, ಕದ್ದು ಬರೆದವರೇ ಉಪಕಾರಿಗಳು, ಬೀಗ ಹಾಕಿದವರು ಅಪಕಾರಿಗಳು ಎಂದಾರು. ನಾನೂ ಬಹುಕಾಲ ಹಾಗೆಯೇ ತಿಳಿದಿದ್ದೆ. ಆದರೆ ಆ ಮೊದಲ ಸಂಪುಟದ 93ನೆಯ ಸೂತ್ರದ ವಿಚಾರ ಬೇರೆ ಪಾಠ ಹೇಳುತ್ತದೆ. ಸ್ತ್ರೀಯರಿಗೆ ಆತ್ಮೋನ್ನತಿಯ ಯಾವ ಯಾವ ಮೆಟ್ಟಿಲುಗಳು ಸಲ್ಲುತ್ತವೆಂದು ಹೇಳುವ ಸೂತ್ರ ಅದು. ಸಂಪಾದಕರ ಕೈಯಲ್ಲಿದ್ದ ಪ್ರತಿಗಳಲ್ಲಿ 'ಸಂಜದ' ಎಂಬ ಒಂದು ಪದ ಇರಲಿಲ್ಲ. ಸಂಯತ ಎಂಬುದರ ಪ್ರಾಕೃತ ರೂಪ. ಎಂದರೆ ಮುನಿಯ ಮೆಟ್ಟಿಲು. ಅರ್ಥವನ್ನು ನೋಡಿದರೆ ಆ ಪದ ಇರಬೇಕೆಂದು ಸಂಪಾದಕರು ಅಡಿಟಿಪ್ಪಣಿಯಲ್ಲಿ ಸೂಚಿಸಿದರು. ಹೆಂಗಸಿಗೆ ಮುಕ್ತಿಯುಂಟೇ ಇಲ್ಲವೇ ಎಂಬ ಪ್ರಾಚೀನ ವಾದವೇ ಆ ಮೂರಕ್ಷರದ ಮೇಲೆ ನಿಂತಿದ್ದುದರಿಂದ ಪಂಡಿತರಲ್ಲಿ ದೊಡ್ಡ ಕೋಲಾಹಲವೆದ್ದಿತು. ತೀರ್ಮಾನಕ್ಕೆ ಎಲ್ಲಿಗೆ ಹೋಗಬೇಕು? ಮೂಡುಬಿದಿರೆಗೆ. ಅಷ್ಟರಲ್ಲಿ ಇಲ್ಲಿಯವರ ಮನಸ್ಸೂ ತಿಳಿಯಾಗಿತ್ತು. ಮೂಲವನ್ನು ನೋಡಲು ಎಡೆಗೊಟ್ಟರು. ಓಲೆಯಲ್ಲಿ ಪದ ಇತ್ತು.

ಪ್ರತಿಯ ಪ್ರತಿಯಲ್ಲಿ ಕಳೆದುಹೋದುದು ಬೀಗದೊಳಗಿನ ಗರಿಯಲ್ಲಿ ಉಳಿದಿತ್ತು. ಹಿಂದೆ ಯಾರಾದರೂ ಹಣದ ಚೀಲ ತಂದು ಆ ಕಟ್ಟುಗಳನ್ನು ಕೊಂಡುಹೋಗಿದ್ದರೆ, ಈ ಪ್ರಶ್ನೆಯನ್ನು ಕೇಳಲು ವಿದ್ವಾಂಸರು ಯಾವ ದೇಶದ ಯಾರ ಬಾಗಿಲು ತಟ್ಟಬೇಕಾಗುತ್ತಿತ್ತೋ! ಹಾಗೆಂದು ಬೀಗ ತೆರೆಯದೇ ಇದ್ದಿದ್ದರೆ ಗರಿಯೂ ಹಿಟ್ಟಾಗುತ್ತಿತ್ತು. ಬೆಳ್ತಂಗಡಿಯ ಆ ಪೆಟ್ಟಿಗೆಯ ಕೆಳಗಿನ ಹಿಟ್ಟು ಮತ್ತೆ ಕಣ್ಣಿಗೆ ಕಟ್ಟಿತು.

ಮೂಡುಬಿದಿರೆಯಲ್ಲಿ ಓಲೆಗಳನ್ನು ಬಲ್ಲವರೊಬ್ಬರನ್ನು ಕಂಡು ಎಲ್ಲವನ್ನೂ ಹೇಳಿಕೊಂಡೆ. ಪಂಡಿತ ಕೆ. ಭುಜಬಲಿ ಶಾಸ್ತ್ರಿಗಳು 1948ರಲ್ಲಿ ಪ್ರಕಟಿಸಿದ ತಾಡಪತ್ರ ಗ್ರಂಥಗಳ ಸೂಚಿಯನ್ನು ತೆಗೆದು ನನ್ನ ಮುಂದಿಟ್ಟರು. ಇಲ್ಲಿಯ ಮಠ ಬಸದಿಗಳ ಕಟ್ಟುಗಳನ್ನು ಒಂದೊಂದಾಗಿ ಬಿಚ್ಚಿ ಗುರುತು ಮಾಡಿದ ಹೊತ್ತಗೆ. "ಇವರು ಒಂದನ್ನೂ ಕೊಂಡವರಲ್ಲ, ನೋಡಿ" ಎಂದರು, ಅಷ್ಟೇ. ಏಳುವಾಗ ಮಜ್ಜಿಗೆ ಹುಲ್ಲಿನ ಎಣ್ಣೆಯ ಸಣ್ಣ ಶೀಶೆಯೊಂದನ್ನು ಕೊಟ್ಟು, ಎಷ್ಟು ಹನಿ, ಯಾವ ಬಟ್ಟೆ, ಹೇಗೆ ಸವರಬೇಕೆಂದು ತೋರಿಸಿಕೊಟ್ಟರು.

ಬೆಳ್ತಂಗಡಿಯ ಹಿರಿಯರಿಗೆ ಅಲ್ಲಿಂದಲೇ ಫೋನು ಮಾಡಿ ಹಿಟ್ಟಿನ ವಿಷಯ ತಿಳಿಸಿದೆ. ನಿನ್ನೆಯೇ ಹೇಳಬೇಕಿತ್ತು, ಧೈರ್ಯ ಬರಲಿಲ್ಲ ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಮನೆಯಲ್ಲಿ ಮಾತಾಡಿ ನೋಡುತ್ತೇನೆ" ಎಂದರು. ಇದನ್ನು ಬರೆಯುವವರೆಗೂ ಅವರಿಂದ ಕರೆ ಬಂದಿಲ್ಲ.

ಹದಿನೈದು ದಿನಗಳ ಮೇಲೆ, ಜೇಬಿನಲ್ಲಿ ಬಸ್ಸಿನ ಚಾರ್ಜು ಮಾತ್ರ ಇಟ್ಟುಕೊಂಡು, ಬಂಟ್ವಾಳದ ಅಜ್ಜಿಯ ಜಗಲಿ ಏರಿದೆ. ಕೊಳ್ಳುವುದಕ್ಕಲ್ಲ, ಎಣ್ಣೆ ಸವರಿ, ಮಸಿ ಕೊಟ್ಟು, ಫೋಟೋ ತೆಗೆದುಕೊಂಡು ಹೋಗುವುದಕ್ಕೆ ಬಂದೆ ಎಂದೆ. ಅವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಕೈಕಾಲು ತೊಳೆದು ಬನ್ನಿ" ಎಂದರು. ನಾನು ಒಂದೊಂದೇ ಗರಿಯನ್ನು ತೆಗೆದು ಒರೆಸುತ್ತ ಹೋದಂತೆ ಅವರು ಪಕ್ಕದಲ್ಲಿಯೇ ಕುಳಿತು, ಮುಗಿದ ಗರಿಯನ್ನು ಎಣಿಸಿ ಬೇರೆ ಇಡುತ್ತಿದ್ದರು. ಮಸಿ ಹಿಡಿದು ಅಕ್ಷರ ಎದ್ದಾಗ ಒಂದು ಪದ್ಯವನ್ನು ಓದಿ ಹೇಳಿದೆ. ಎರಡನೆಯ ಸಾಲಿಗೆ ನಾನು ತಡವರಿಸಿದೆ. ಅಜ್ಜಿ ಅದನ್ನು ರಾಗವಾಗಿ ಹೇಳಿ ಮುಗಿಸಿದರು. ಓದಲು ಬಾರದವರೆಂದು ಅಂದುಕೊಂಡಿದ್ದೆನಲ್ಲ. ಮಾವ ಹಾಡುತ್ತಿದ್ದುದನ್ನು ಕೇಳಿ ಕೇಳಿ ಅವರಿಗೆ ಇಡೀ ಪ್ರಸಂಗ ಬಾಯಿಗೆ ಬರುತ್ತಿತ್ತು.

ಒಂಬತ್ತು ಗರಿ ಆಗುವಷ್ಟರಲ್ಲಿ ದೀಪ ಹಚ್ಚುವ ಹೊತ್ತಾಯಿತು. ಅಜ್ಜಿ ಕಟ್ಟನ್ನು ಪಾಣಿಪಂಚೆಯಲ್ಲಿ ಸುತ್ತಿ ಎತ್ತಿಕೊಂಡರು.

"ಉಳಿದದ್ದಕ್ಕೆ ಆದಿತ್ಯವಾರ ಬನ್ನಿ ಮಾಸ್ಟ್ರೇ. ಎಣ್ಣೆ ಇಲ್ಲೇ ಇರಲಿ" ಎಂದರು.